ಕೋಡಿಗೆ ಕಟ್ಟಿದ ಸೀರೆ

ನಜರ್‌ಬಾದ್, ಮೈಸೂರು
೧೨ ಜುಲೈ ೧೯೫೯

ಅಪ್ಪನವರ ಪಾದಕ್ಕೆ ಮಗಳು ಹೊಂಬಾಳೆಯ ನಮಸ್ಕಾರ.

ಕಾಗದವನ್ನು ಬಸ್ಸಿನವರ ಕೈಲಿ ಕಳಿಸುತ್ತಿದ್ದೇನೆ. ಓದಿದ ಕೂಡಲೇ ಸಣ್ಣ ಕಣ್ಣಿನ ಬಲೆಗಳನ್ನೆಲ್ಲ ತೆಗೆದುಕೊಂಡು ಅಣ್ಣನ ಜೊತೆ ಬನ್ನಿ. ಬೆಟ್ಟದ ತಪ್ಪಲಿನ ನಮ್ಮ ಕಟ್ಟೆಯಲ್ಲಿ ಒಂದು ಮೀನೂ ಉಳಿಯದಂತೆ ಹಿಡಿಯಬೇಕು.

ಹೋದ ವರ್ಷ ಕಟ್ಟೆಗೆ ಹೊಸ ಜಾತಿಯ ಮರಿ ಬಿಟ್ಟೆವು. ಜನ ಅದನ್ನು ಜಿಲೇಬಿ ಮೀನು ಅನ್ನುತ್ತಾರೆ. ಬೇಗ ಬೆಳೆಯಿತೆಂದು ಖುಷಿಪಟ್ಟೆವು. ಈ ಬೇಸಿಗೆಯಲ್ಲಿ ಎಷ್ಟು ಸಲ ಬಲೆ ಎಳೆದರೂ ನಮ್ಮ ಹಳೆಯ ಗೆಂಡೆ ಮೀನು ಒಂದೂ ಬೀಳಲಿಲ್ಲ; ಬಿದ್ದದ್ದೆಲ್ಲ ಜಿಲೇಬಿಯೇ. ಮೊನ್ನೆ ಒಂದು ಜಿಲೇಬಿಯನ್ನು ನೀರಿನ ಮಡಕೆಗೆ ಹಾಕುವಾಗ ಅದರ ಬಾಯಿಂದ ಜೀವಂತ ಮರಿಗಳು ಸುರಿದವು. ನೋಡುತ್ತಿದ್ದಂತೆ ಅಷ್ಟೂ ಮರಿಗಳು ತಾಯಿಯ ಬಾಯೊಳಕ್ಕೇ ಹಿಂದಿರುಗಿದವು. ನಿಮ್ಮ ಅಳಿಯಂದಿರು ಏರಿ ಹತ್ತಿ ಕಾಲುವೆಯ ಕಡೆ ನೋಡಿದರು. "ಇದು ದೊಡ್ಕೆರೆಗೆ ಇಳಿದ್ಬುಟ್ರೆ ನಿಮ್ಮಪ್ಪನೋರ್ ಗತಿ ಏನು ಕಣಮ್ಮಿ?" ಅಂದರು.

ನಿನ್ನೆಯ ಮಳೆಗೆ ಕಟ್ಟೆ ಕೋಡಿ ಬಿದ್ದಿದೆ. ಆ ನೀರು ಕಾಲುವೆ ಹಿಡಿದು ನಿಮ್ಮ ದೊಡ್ಡಕೆರೆಗೇ ಬರುತ್ತದೆ. ನಮ್ಮ ಬಲೆಯ ಕಣ್ಣಲ್ಲಿ ಮರಿಗಳು ತೂರಿ ಹೋಗುವುದರಿಂದ ನನ್ನ ಸೀರೆಗಳನ್ನು ಕೋಡಿಗೆ ಅಡ್ಡ ಕಟ್ಟಿದ್ದೇವೆ. ಮದುವೆಯ ಸೀರೆಯೂ ಅಲ್ಲೇ ಇದೆ.

ಇವರನ್ನು ಬಯ್ಯಬೇಡಿ. ಇವರು ಬೇಡವೆಂದರೂ ಮರಿ ತಂದು ಬಿಟ್ಟವಳು ನಾನು. ಕೆರೆಯನ್ನೇ ನಂಬಿದ ಕೇರಿಯವರಿಗೆ ನೀವೇ ಹೇಳಬೇಕು. ನನಗೆ ಧೈರ್ಯವಿಲ್ಲ.

ಬೆಳಿಗ್ಗೆ ನೋಡಿದಾಗ ಒಂದು ಸೀರೆಯ ತುದಿ ಬಿಚ್ಚಿಕೊಂಡಿತ್ತು. ಮತ್ತೆ ಕಟ್ಟಿದೆ. ಯಾವಾಗ ಬಿಚ್ಚಿತೋ ತಿಳಿಯದು. ಇವರಿಗೆ ಹೇಳಿಲ್ಲ.

ಬರುವಾಗ ರಸ್ತೆ ಬಿಟ್ಟು ಕಾಲುವೆಯ ದಂಡೆಯಲ್ಲೇ ಬನ್ನಿ ಅಪ್ಪ. ನೀರನ್ನು ನೋಡಿಕೊಂಡು ಬನ್ನಿ.

ನಿಮ್ಮ ದಾರಿ ಕಾಯುತ್ತಿರುವ
ಹೊಂಬಾಳೆ