ಬೇರೆ ದಿನದ ಮೋಡ

ಅಂಜುಮ್,

ಹರಿಹರದಿಂದ ಬಂದಾಗಿನಿಂದ ಒಂದು ಕಡೆ ಕೂರಲು ಆಗುತ್ತಿಲ್ಲ. ನಿನ್ನ ತಮ್ಮ ಹಮ್ಜಾ ಇವತ್ತು ಅಲ್ಲಿನ ನಿಮ್ಮ ಹಳೆಯ ಸ್ಟುಡಿಯೊ ಖಾಲಿ ಮಾಡುತ್ತಿದ್ದ. ಒಂದು ಗಾಜಿನ ನೆಗೆಟಿವ್ ನನ್ನ ಕೈಗಿಟ್ಟು, "ಬರೀ ಮೋಡ ಐತ್ರಿ, ಕೆಳಗ ಊರೂ ಇಲ್ಲ ಕೇರಿನೂ ಇಲ್ಲ. ನಿಮ್ಮಂಥೋರಿಗೇ ಸರಿ," ಎಂದು ನಕ್ಕ.

ನಿನ್ನ ಮುತ್ತಜ್ಜ ತೆಗೆದ ತುಂಗಭದ್ರೆಯ ಚಿತ್ರದಲ್ಲಿರುವುದು ಇದೇ ಮೋಡ. ಆ ಚಿತ್ರದ ವಿಷಾದದ ಬಗ್ಗೆ ನಾನು ಸಭೆಯಲ್ಲಿ ಲೇಖನ ಓದಿದ ದಿನ ನೀನು ಎದ್ದು ನಿಂತು, ಆ ಕಾಲದ ಗಾಜಿನ ನೆಗೆಟಿವ್‌ನಿಂದ ಮುದ್ರಿಸಿದರೆ ಆಕಾಶ ಬರೀ ಬೆಳ್ಳಗೆ ಮೂಡುತ್ತಿತ್ತು, ಮೋಡವನ್ನು ಬೇರೆ ನೆಗೆಟಿವ್‌ನಿಂದ ಸೇರಿಸಿದ್ದು ಎಂದೆ. ಎಲ್ಲರೆದುರು ನಾನು ನಿನ್ನ ಮುತ್ತಜ್ಜನನ್ನು ಮೋಸಗಾರ ಎಂದುಬಿಟ್ಟೆ. ಅನುವಾದಗಳನ್ನೇ ಓದಿ ಬೆಳೆದ ನಾನು, ಒಬ್ಬರ ಮಾತಿಗೆ ಇನ್ನೊಬ್ಬರ ದನಿ ಸೇರುವುದನ್ನು ಅದುವರೆಗೆ ಮೋಸ ಎಂದವನಲ್ಲ. ಅವತ್ತಿನಿಂದ ನೀನು ನನ್ನ ಜೊತೆ ಮಾತು ಬಿಟ್ಟೆ.

ಗಾಜಿನ ಅಂಚಿನಲ್ಲಿ ನಿನ್ನ ಮುತ್ತಜ್ಜ ಉರ್ದುವಿನಲ್ಲಿ ಏನೋ ಗೀರಿದ್ದರು. ಹಮ್ಜಾ ಕಿಟಕಿಯ ಬೆಳಕಿಗೆ ಹಿಡಿದು ಓದಿದ: "ಆವರಗೆರೆ. ಅಮ್ಮೀ ತೀರಿಕೊಂಡ ಮರುದಿನ."

ನಾನು ಆ ಮೋಡವನ್ನು ಮತ್ತೆ ನೋಡಿದೆ.

"ಅಂಜುಮ್ ಆಪಾಗೆ ಏನಾರ ಹೇಳ್ಬೇಕೇನ್ರಿ?" ಎಂದು ಅವನು ಕೇಳಿದ.

ಏನಿಲ್ಲ, ನಾನೇ ಬರೆಯುತ್ತೇನೆ, ಗಾಜು ಒಡೆಯದ ಹಾಗೆ ಸುತ್ತಿಕೊಡು ಎಂದೆ.