ಹುಲಿಗೆವ್ವ ಗುಳಿಗೆ ಬಿಟ್ಟ ಹನ್ನೊಂದು ದಿನ

ಬ್ಯಾಡಗಿ, ಫೆಬ್ರವರಿ ೩೦, ೨೧೪೮

ಎಚ್‌ಐವಿ ಗುಳಿಗೆ ನುಂಗುವುದನ್ನು ನಿಲ್ಲಿಸಿರುವವರಿಗೆ,

ತಾರೀಖು ತಪ್ಪಿಲ್ಲ, ಪಂಚಾಂಗ ತಿದ್ದಿದ ಮೇಲೆ ನಮ್ಮ ಫೆಬ್ರವರಿಗೆ ಮೂವತ್ತು ದಿನ. ನನ್ನ ಮಾತು ನಿಮ್ಮ ಕಿವಿಗೆ ಅಪರಿಚಿತವೆನಿಸಿದರೆ ಮನ್ನಿಸಬೇಕು. ಈ ಕಾಯಿಲೆಗೆ ನಮ್ಮ ಕಾಲದಲ್ಲಿ ‘ಮದ್ದುಕಾಳು’ ಇದೆ. ಅಕ್ಕಿಕಾಳಿನಷ್ಟು ದಪ್ಪ, ತೋಳಿನ ಚರ್ಮದಡಿ ಒಮ್ಮೆ ಇಟ್ಟರೆ ಹತ್ತು ವರ್ಷ ಕೆಲಸ ಮಾಡುತ್ತದೆ. ಸಂತೆಗೆ ಬಂದವರು ಹಾಕಿಸಿಕೊಂಡು, ತೋಳು ಉಜ್ಜುತ್ತ ತರಕಾರಿ ಕೊಳ್ಳಲು ಹೋಗುತ್ತಾರೆ. ದಿನವೂ ನೆನಪಿಟ್ಟು ನುಂಗುವ ಕಷ್ಟ ನಮಗೆ ಗೊತ್ತಿಲ್ಲ. ಹಾಗಾಗಿ ಉಪದೇಶ ಹೇಳುವ ಯೋಗ್ಯತೆ ನನಗಿಲ್ಲ. ನನ್ನ ಮುತ್ತಜ್ಜಿಯ ತಾಯಿ ಹುಲಿಗೆವ್ವ ತನ್ನ ದನಿಯಲ್ಲೇ ಮುದ್ರಿಸಿಟ್ಟು ಹೋದ ಸಂಗತಿಯನ್ನಷ್ಟೇ ಬರೆಯುತ್ತೇನೆ.

ಹುಲಿಗೆವ್ವ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಕೆಲಸದವಳು. ಗಂಡ ನಿಂಗಪ್ಪ ಸತ್ತಾಗ ಅವಳು ಮೂರು ತಿಂಗಳ ಬಸುರಿ. ಅವನಿಗಿದ್ದ ರೋಗ ಯಾವುದೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ಬಸುರಿಯರ ರಕ್ತಪರೀಕ್ಷೆಯಲ್ಲಿ ಅವಳಲ್ಲೂ ಅದೇ ಕಂಡಿತು. ದಿನವೂ ತಪ್ಪದೆ ನುಂಗಿದರೆ ಮಗುವಿಗೆ ಬಾರದಂತೆ ತಡೆಯಬಹುದೆಂದು ಆಸ್ಪತ್ರೆಯಲ್ಲಿ ಗುಳಿಗೆ ಕೊಟ್ಟರು. ಅತ್ತೆ ಬಸಲಿಂಗವ್ವನಿಗೆ ಹೆದರಿ ಬಾಟಲಿಯನ್ನು ಹಳೆಯ ಕೌದಿಯ ಮಡಿಕೆಯಲ್ಲಿ ಬಚ್ಚಿಟ್ಟಳು. ಬೆಳಿಗ್ಗೆ ಕದ್ದು ನುಂಗಿ ಕೆಲಸಕ್ಕೆ ಕೂತರೆ ತಲೆ ಸುತ್ತುತ್ತಿತ್ತು, ಮೆಣಸಿನ ಘಾಟಿಗೆ ವಾಂತಿಯಾಗುತ್ತಿತ್ತು. ಐದನೆಯ ತಿಂಗಳಲ್ಲಿ ಬಿಟ್ಟಳು. ಮೈ ಹಗುರಾಯಿತು. “ರೋಗನ ಹೋತೇನೋ ಅಂದ್ಕೊಂಡಿದ್ದೆ” ಎನ್ನುತ್ತಾಳೆ.

ಹನ್ನೆರಡನೆಯ ದಿನ, ಕೌದಿ ಬಿಸಿಲಿಗೆ ಹಾಕಲು ತೆಗೆದ ಅತ್ತೆಯ ಕೈಗೆ ಬಾಟಲಿ ಸಿಕ್ಕಿತು.

“ನಿಂಗಪ್ಪನ ಗುಳಗಿನೂ ಹಿಂಗ ಇದ್ವು,” ಎಂದಳು ಮುದುಕಿ. “ಬಾಟ್ಲಿ ತುಂಬೇತಲ್ಲ. ತಗೊಳ್ಳಾಕತ್ತಿಲ್ಲೇನು?”

ಮನೆ ಬಿಟ್ಟು ಹೋಗೆನ್ನುವ ಮಾತಿಗೆ ಕಾದಿದ್ದ ಹುಲಿಗೆವ್ವ ಗೋಡೆಗೆ ಒರಗಿದಳು. “ಬಿಟ್ಟೇನ್ರಿ ಅತ್ತಿ. ತೆಲಿ ತಿರುಗತೈತಿ.”

“ಅಂವಗೂ ತಿರುಗತಿತ್ತು. ಈ ಗುಳಗಿನ ನನ್ನ ಮಗನ್ನ ತಿನ್ನಾಕತ್ತಾವು ಅಂತ ಹಳ್ಳಕ್ಕ ಚೆಲ್ಲಿದಾಕಿ ನಾನ. ಅಂವ ಮತ್ತ ತರಾಕ ಹೋಗ್ಲಿಲ್ಲ.” ಅತ್ತೆ ಕೌದಿಯ ಮೇಲೆಯೇ ಕುಸಿದಳು. “ಯಾರ ಮುಂದೂ ಹೇಳಿಲ್ಲ, ಹುಲಿಗಿ.”

ತನಗೂ ಹೇಳದೆ ಮುಚ್ಚಿಟ್ಟಳಲ್ಲ ಎಂದು ಹುಲಿಗೆವ್ವನಿಗೆ ಮೈ ಉರಿಯಿತು. ಆ ಸಿಟ್ಟು ಎಷ್ಟೋ ವರ್ಷ ಪೂರ್ತಿ ಇಳಿಯಲೇ ಇಲ್ಲವೆಂದು ಅವಳೇ ಒಪ್ಪಿಕೊಳ್ಳುತ್ತಾಳೆ. ಆದರೆ ಆ ದಿನ ಮುದುಕಿ ಎದ್ದು ರೊಟ್ಟಿ ಬಡಿದು ಮುಂದಿಟ್ಟಳು. “ಮೊದಲ ಉಣ್ಣು. ದವಾಖಾನಿಗೆ ನಾನೂ ಬರ್ತೀನಿ.”

ಗುಳಿಗೆಯ ಸಾಲಿನಲ್ಲಿ ನಿಂತಾಗ ಅವರ ಓಣಿಯ ಹೆಂಗಸೊಬ್ಬಳು ಕತ್ತು ಚಾಚಿ, “ಯಾರಿಗ್ರೀ ಯವ್ವಾ?” ಎಂದಳು.

“ನಮ್ಮ ಮನಿಗೆ,” ಎಂದಳು ಬಸಲಿಂಗವ್ವ, ದನಿ ತಗ್ಗಿಸದೆ.

ವೈದ್ಯರು ಬೈಯಲಿಲ್ಲ. ತಲೆಸುತ್ತಿನ ವಿಷಯ ಕೇಳಿ, ಮಲಗುವ ಹೊತ್ತಿಗೆ ನುಂಗಲು ಹೇಳಿದರು. ಅಲ್ಲಿಂದಾಚೆ ಅತ್ತೆ ಎದುರಿಗೆ ಕೂತು ನೀರು ಕೊಡುತ್ತಿದ್ದಳು. ಸುದ್ದಿ ಹಬ್ಬಿ, ಜೊತೆಗೆಲಸದ ಇಬ್ಬರು ಹುಲಿಗೆವ್ವನ ಪಕ್ಕ ಕೂರುವುದನ್ನೇ ಬಿಟ್ಟರು. ಅವರು ಕಡೆಗೂ ಮಾತಾಡಿಸಲಿಲ್ಲ. ದಿನ ತುಂಬಿ ನನ್ನ ಮುತ್ತಜ್ಜಿ ಹುಟ್ಟಿದಳು. ಒಂದೂವರೆ ವರ್ಷ ತುಂಬುವವರೆಗೆ ಮಾಡಿದ ಯಾವ ಪರೀಕ್ಷೆಯಲ್ಲೂ ಮಗುವಿಗೆ ಕಾಯಿಲೆ ಕಾಣಲಿಲ್ಲ. ಹುಲಿಗೆವ್ವ ಎಪ್ಪತ್ತೊಂದು ವರ್ಷ ಬಾಳಿದಳು.

ನೀವು ಬಿಟ್ಟದ್ದಕ್ಕೂ ಕಾರಣ ಇದ್ದೇ ಇರುತ್ತದೆ. ಅದನ್ನು ಗುಳಿಗೆ ಕೊಡುವವರಿಗೆ ಹೇಳಿ. ಅದಕ್ಕೂ ಮುಂಚೆ ನಿಮ್ಮವರಲ್ಲಿ ಒಬ್ಬರಿಗೆ ಹೇಳಿ, ಒಬ್ಬರೇ ಸಾಕು. ಯಾರಿಗೆಂದು ನಿಮಗೇ ಗೊತ್ತು. ನಾಳೆ ಆಸ್ಪತ್ರೆಗೆ ಹೋಗುವ ಬಸ್ಸಿನಲ್ಲಿ ಇಬ್ಬರಿಗೆ ಜಾಗ ಹಿಡಿಯಿರಿ.

ಇಂತಿ,
ಗಂಗೋತ್ರಿ