ಇದ್ದರೂ ಕಾಣದವಳು

ಪುಚೊಂಗ್, ಮಲೇಷ್ಯಾ
14 ಸೆಪ್ಟೆಂಬರ್ 2025, ಭಾನುವಾರ

ಪ್ರೀತಿಯ ಭಾನು,

ನೀನು ಕಳಿಸಿದ ಸಾರಿನ ಪುಡಿ ಕೈ ಸೇರಿ ಎರಡು ತಿಂಗಳಾಯಿತು. ಡಬ್ಬಿಯ ತಳ ಕಾಣುತ್ತಿದೆ, ಆದರೂ ‘ಮುಟ್ಟಿತು’ ಎಂದು ಒಂದು ಸಾಲು ಬರೆಯಲಿಲ್ಲ ನಾನು. ಎಷ್ಟು ಬೇಕೋ ಅಷ್ಟು ಬೈದುಕೋ. ಫೋನಿಲ್ಲವೇ ಎನ್ನುತ್ತೀಯೆ. ಫೋನಿನಲ್ಲಿ ನೀನು ಮಾತಾಡುತ್ತೀಯೆ, ನಾನು ಹೂಂಗುಟ್ಟುತ್ತೇನೆ, ಹೇಳಬೇಕಾದ್ದು ಹೊಟ್ಟೆಯಲ್ಲೇ ಉಳಿಯುತ್ತದೆ. ಅದಕ್ಕೇ ಈ ಕಾಗದ. ಅಕ್ಷರ ಸೊಟ್ಟಗಾಗಿದ್ದರೆ ಅದು ವಯಸ್ಸಿನಿಂದಲ್ಲ, ಸಿಟ್ಟಿನಿಂದ.

ಹೌದು, ಬುಧವಾರದಿಂದ ಸಿಟ್ಟಿನಲ್ಲಿದ್ದೇನೆ. ಮಗ ಸಂತೋಷ ನನ್ನನ್ನು ಕಂಡರೆ ಲ್ಯಾಪ್‌ಟಾಪಿನ ಹಿಂದೆ ಮುಖ ಅಡಗಿಸುತ್ತಾನೆ. ಸೊಸೆ ‘ಅತ್ತೆ, ಬಿಪಿ ಮಾತ್ರೆ ತಗೊಂಡ್ರಾ?’ ಎಂದು ದಿನಕ್ಕೆ ಮೂರು ಸಲ ಕೇಳುತ್ತಾಳೆ. ಸಿಟ್ಟು ಬಂದವಳಿಗೆಲ್ಲ ಬಿಪಿ ಎಂದು ಈ ಮನೆಯಲ್ಲಿ ತೀರ್ಮಾನವಾಗಿದೆ. ಮೂವತ್ತನಾಲ್ಕು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದವಳಿಗೆ ಕಾರಣವಿಟ್ಟುಕೊಂಡು ಸಿಟ್ಟಾಗುವ ಹಕ್ಕೂ ಇಲ್ಲವೆ?

ಮೊದಲಿಂದ ಹೇಳುತ್ತೇನೆ. ನನ್ನ ಮೊಮ್ಮಗಳು ಧನುಶ್ರೀ ಓದುವುದು ಬ್ರಿಕ್‌ಫೀಲ್ಡ್ಸ್ ಹತ್ತಿರದ ಒಂದು ಹಳೆಯ ಹೆಣ್ಣುಮಕ್ಕಳ ಶಾಲೆಯಲ್ಲಿ. ಈಗ ಫಾರ್ಮ್ ಫೋರ್, ಅಂದರೆ ನಮ್ಮ ಎಸ್ಸೆಸ್ಸೆಲ್ಸಿ ಇದ್ದಂತೆ. ಬ್ರಿಟಿಷರ ಕಾಲದ ಕಟ್ಟಡ, ಎತ್ತರದ ಕಿಟಕಿ, ಕೆಂಪು ನೆಲ. ಶಾಲೆಗೆ ನೂರು ವರ್ಷ ತುಂಬುವ ಸಂಭ್ರಮ ಈ ವರ್ಷ. ಅಲ್ಲಿನ ಇತಿಹಾಸ ಸಂಘದಲ್ಲಿ ಹನ್ನೆರಡು ಹುಡುಗಿಯರು, ನಮ್ಮ ಧನುವೂ ಒಬ್ಬಳು. ಆ ಸಂಘಕ್ಕೆ ಗ್ರಂಥಾಲಯದ ಬೀರುವಿನಲ್ಲಿ 1941ರ ಶಾಲಾ ಪತ್ರಿಕೆ ಸಿಕ್ಕಿತು. ಅತ್ತ ಯುರೋಪಿನಲ್ಲಿ ಯುದ್ಧ, ಇತ್ತ ಜಪಾನಿನವರು ಇವತ್ತು ಬರುತ್ತಾರೋ ನಾಳೆ ಬರುತ್ತಾರೋ ಎನ್ನುವ ಕಾಲ. ಆ ಮಕ್ಕಳು ಏನೇನು ಮಾಡುತ್ತಿದ್ದರು ಗೊತ್ತೆ? ಪ್ರಥಮ ಚಿಕಿತ್ಸೆ ಸಂಘ, ಸಿಪಾಯಿಗಳಿಗೆ ಕಾಲುಚೀಲ ಹೆಣೆಯುವ ಸಂಘ, ಶಾಲೆಯ ಹಿಂದೆ ಮರಗೆಣಸು ಬೆಳೆಯುವ ಸಂಘ, ಜೊತೆಗೆ ಒಂದು ಚರ್ಚಾಕೂಟ. ಚರ್ಚೆಯ ವಿಷಯ ‘ಸೈರನ್ ಕೂಗಿದಾಗ ಪರೀಕ್ಷೆ ನಿಲ್ಲಿಸಬೇಕೆ?’ ಓದಿ ನಾನೂ ಧನುವೂ ಬಿದ್ದು ಬಿದ್ದು ನಕ್ಕೆವು.

ಹಾಳೆಗಳು ಮುಟ್ಟಿದರೆ ಪುಡಿಯಾಗುತ್ತಿದ್ದವಂತೆ. ಒಂದೊಂದನ್ನೇ ಫೋಟೋ ತೆಗೆದು ಅರವತ್ತೆರಡು ಪುಟವನ್ನೂ ಟೈಪ್ ಮಾಡಿದವಳು ನಮ್ಮ ಧನು. ಹನ್ನೆರಡು ಜನರ ಕೆಲಸವನ್ನು ಒಬ್ಬಳೇ ಮಾಡಿದಳು, ಯಾರಿಗೂ ಹೇಳಲಿಲ್ಲ. ಅವಳ ಗುಣವೇ ಅದು. ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಒಂದೇ ಪದದ ಉತ್ತರ, ಅದೂ ಕೇಳಿಸಿತೋ ಇಲ್ಲವೋ ಎನ್ನುವಷ್ಟು ಮೆಲ್ಲಗೆ.

ಆ ಪತ್ರಿಕೆಯ ಕೊನೆಯಲ್ಲಿ ಒಂದು ತಮಾಷೆಯ ಪುಟವಿತ್ತು. ಹನ್ನೆರಡು ಹುಡುಗಿಯರಿಗೆ ಹನ್ನೆರಡು ಬಿರುದು. ‘ಎಲ್ಲರಿಗಿಂತ ಮೊದಲು ಕಂದಕಕ್ಕೆ ಹಾರುವವಳು.’ ‘ಬ್ಯಾಂಡೇಜ್ ಸುತ್ತಿ ರೋಗಿಯ ಉಸಿರು ಕಟ್ಟಿಸುವವಳು.’ ‘ಅತ್ಯಂತ ಉದ್ದದ ಕಾಲುಚೀಲ ಹೆಣೆದವಳು, ಹಾಕಿಕೊಳ್ಳಲು ಆನೆ ಬೇಕು.’ ಹನ್ನೆರಡನೆಯದು, ‘ಇದ್ದರೂ ಕಾಣದವಳು: ರತ್ನಮ್ಮ.’ ರೈಲ್ವೆಯಲ್ಲಿ ಕೆಲಸಕ್ಕಿದ್ದವರ ಮಗಳಂತೆ. ನಮ್ಮ ಕಡೆಯವಳೋ ಆಂಧ್ರದವಳೋ ತಿಳಿಯದು. ಯುದ್ಧ ಮುಗಿದ ಮೇಲೆ ಈ ಹನ್ನೆರಡು ಜನ ಏನಾದರು ಎಂದು ಸಂಘದವರು ಹುಡುಕಿದರು. ಹನ್ನೊಂದು ಜನರ ಸುದ್ದಿ ಸಿಕ್ಕಿತು. ಒಬ್ಬಳು ನರ್ಸ್ ಆದಳು, ಒಬ್ಬಳು ಪಿನಾಂಗಿನಲ್ಲಿ ಟೀಚರ್, ಇಬ್ಬರು ಜಪಾನಿನವರು ಆಳಿದ ಆ ಮೂರು ವರ್ಷದಲ್ಲೇ ತೀರಿಕೊಂಡರು. ರತ್ನಮ್ಮನ ವಿಷಯ ಮಾತ್ರ ಎಲ್ಲೂ ಇಲ್ಲ. ಇರುವುದಾದರೂ ಹೇಗೆ? ಎದುರಿಗಿದ್ದಾಗಲೇ ಕಾಣಲಿಲ್ಲ ಎಂದು ಅಚ್ಚು ಹಾಕಿಸಿದವರು ಕಾಣೆಯಾದ ಮೇಲೆ ಹುಡುಕುತ್ತಾರೆಯೆ?

ಈಗ ಕೇಳು. ಅದೇ ಬಿರುದುಗಳನ್ನು ಸಂಘದ ಈ ವರ್ಷದ ಹನ್ನೆರಡು ಹುಡುಗಿಯರಿಗೆ ಕೊಟ್ಟು ಸ್ಮರಣ ಸಂಚಿಕೆಯಲ್ಲಿ ಹಾಕುವುದೆಂದು ಅವರ ಮೇಡಂ ನಿಶ್ಚಯಿಸಿದರು. ಯಾವ ಬಿರುದು ಯಾರಿಗೆ ಎಂದು ತರಗತಿಯ ಮಕ್ಕಳು ಚೀಟಿ ಬರೆದು ಡಬ್ಬಿಗೆ ಹಾಕಬೇಕು. ಕಳೆದ ಸೋಮವಾರ ಇಡೀ ಶಾಲೆಯ ಮುಂದೆ ಓದಿದರು. ಹನ್ನೆರಡನೆಯದು ಬಂದಾಗ ನಿರೂಪಣೆ ಮಾಡುತ್ತಿದ್ದ ಹುಡುಗಿ ‘ಧನುಶ್ರೀ! ಬಂದಿದ್ದಾಳಾ? ಯಾರಾದರೂ ನೋಡಿದಿರಾ?’ ಎಂದು ಹಣೆಗೆ ಕೈ ಅಡ್ಡ ಇಟ್ಟು ಹುಡುಕಿದಳಂತೆ. ಧನು ಎರಡನೇ ಸಾಲಿನಲ್ಲಿದ್ದಳು. ಆರುನೂರು ಮಕ್ಕಳು ನಕ್ಕರು. ಇವಳು ಎದ್ದು ಹೋಗಿ, ಬಿರುದು ಬರೆದ ಕಾಗದದ ಪಟ್ಟಿಯನ್ನು ಕೊರಳಿಗೆ ಹಾಕಿಸಿಕೊಂಡು, ಥ್ಯಾಂಕ್ಯೂ ಹೇಳಿ ಬಂದಳು.

ಇದನ್ನು ಅವಳು ಮನೆಯಲ್ಲಿ ಹೇಳಲಿಲ್ಲ. ಮಂಗಳವಾರ ಹೊಟ್ಟೆನೋವೆಂದು ಮಲಗಿದಳು. ಬುಧವಾರವೂ ಮಲಗಿದಳು. ಊಟದ ಡಬ್ಬಿ ತೊಳೆಯೋಣವೆಂದು ನಾನು ಅವಳ ಚೀಲಕ್ಕೆ ಕೈ ಹಾಕಿದೆ. ನುಜ್ಜುಗುಜ್ಜಾದ ಆ ಪಟ್ಟಿ ಕೈಗೆ ಬಂತು. ಕೂರಿಸಿಕೊಂಡು ಕೇಳಿದ ಮೇಲೆ ಇಷ್ಟೂ ಹೊರಬಂತು.

‘ಇಟ್ಸ್ ಓಕೆ ಅಜ್ಜಿ. ಲೀವ್ ಇಟ್ ಲಾ,’ ಎಂದಳು, ಇಲ್ಲಿಯವರಂತೆ ಕೊನೆಗೊಂದು ‘ಲಾ’ ಸೇರಿಸಿ. ಸಂಘಕ್ಕೆ ರಾಜೀನಾಮೆ ಕಳಿಸಿಯೂ ಆಗಿತ್ತು. ಬೇರೆ ಶಾಲೆಗೆ ಹಾಕಿ ಎಂದು ಅಪ್ಪನಿಗೆ ಮೆಸೇಜ್ ಮಾಡಿದ್ದಳು. ಒಂದೇ ಮನೆಯಲ್ಲಿದ್ದುಕೊಂಡು ಮೆಸೇಜ್!

ಸಂತೋಷ ಏನೆಂದ ಗೊತ್ತೆ? ‘ಅಮ್ಮಾ, ಅದೆಲ್ಲ ಫನ್ ಅಷ್ಟೇ. ಇಲ್ಲಿ ಎಲ್ಲಾ ಸ್ಕೂಲಲ್ಲೂ ಮಾಡ್ತಾರೆ. ನೀನು ಹೋಗಿ ಇಶ್ಯೂ ಮಾಡ್ಬೇಡ, ಅವಳಿಗೇ ಎಂಬರಾಸಿಂಗ್ ಆಗತ್ತೆ.’

‘ನಗೋರಿಗೆ ಫನ್ನು ಕಣೋ,’ ಎಂದೆ. ಆ ಸಂಚಿಕೆ ಶುಕ್ರವಾರ ಅಚ್ಚಿಗೆ ಹೋಗುವುದಿತ್ತು. ಒಮ್ಮೆ ಅಚ್ಚಾದರೆ ಮುಗಿಯಿತು. ಎಂಬತ್ತು ವರ್ಷದ ಮೇಲೆ ಇನ್ಯಾರೋ ಬೀರುವಿನಿಂದ ತೆಗೆದು ನನ್ನ ಮೊಮ್ಮಗಳನ್ನು ಹೀಗೇ ಓದಿ ನಗುತ್ತಾರೆ.

ಭಾನು, ನಮ್ಮ ಶಾಲೆಯ ಫಿಶ್‌ಪಾಂಡ್ ನಿನಗೆ ನೆನಪಾಗಿರುತ್ತದೆ. ಸೋಷಿಯಲ್ ಗ್ಯಾದರಿಂಗ್ ದಿನ ಬಿಸ್ಕತ್ತಿನ ಡಬ್ಬಿ, ಮೀನಿನಾಕಾರಕ್ಕೆ ಕತ್ತರಿಸಿದ ಚೀಟಿಗಳು, ಬರೆದವರ ಹೆಸರಿಲ್ಲದ ಕುಚೋದ್ಯ. 1995ರಲ್ಲಿ ನಿನ್ನ ಮಗಳು ಪೂರ್ವಿಗೆ ಬಂದದ್ದು, ‘ಹಾಜರಿ ಪುಸ್ತಕದಲ್ಲಿ ಮಾತ್ರ ಸಿಗುವವಳು.’ ಹಿಂದಿನ ಸಾಲಿನಿಂದ ಯಾರೋ ‘ಪ್ರೆಸೆಂಟ್ ಮಿಸ್!’ ಎಂದು ಕೂಗಿದರು. ಆಮೇಲೆ ಅವಳು ಹಾಜರಿ ಹೇಳಿದಾಗಲೆಲ್ಲ ಇಡೀ ತರಗತಿ ಅದೇ ದನಿಯಲ್ಲಿ ಕೂಗಿತು. ಪಬ್ಲಿಕ್ ಪರೀಕ್ಷೆಗೆ ಎರಡು ತಿಂಗಳಿರುವಾಗ ಮಗು ಶಾಲೆ ಬಿಟ್ಟು ದಾವಣಗೆರೆಯ ಅತ್ತೆ ಮನೆ ಸೇರಿತು. ಅಷ್ಟು ಚೆನ್ನಾಗಿ ಹಾಡುತ್ತಿದ್ದವಳು ಮತ್ತೆ ನಾಲ್ಕು ಜನರೆದುರು ಬಾಯಿ ತೆರೆಯಲಿಲ್ಲ. ನೀನು ಆ ಚೀಟಿ ಹಿಡಿದುಕೊಂಡು ಸ್ಟಾಫ್ ರೂಮಿಗೆ ಬಂದೆ. ಬರೆದವನು ಅವಳ ತರಗತಿಯ ಗೋಪಿನಾಥನೇ ಎಂದು ಎಲ್ಲರೂ ತೀರ್ಮಾನಿಸಿದರು, ತಂಟೆಕೋರ ಎಂಬ ಹೆಸರು ಮೊದಲೇ ಇತ್ತಲ್ಲ. ಹೆಡ್‌ಮಾಸ್ಟರು ಪ್ರಾರ್ಥನೆಯ ಸಾಲಿನಲ್ಲೇ ಅವನಿಗೆ ಬೆತ್ತದಲ್ಲಿ ಬಾರಿಸಿದರು. ಕೊನೆಯವರೆಗೂ ‘ನಾನಲ್ಲ ಸಾರ್’ ಎಂದೇ ಅಂದ. ಹೋದ ವರ್ಷ ದೇವರಾಜ ಮಾರ್ಕೆಟ್ಟಿನಲ್ಲಿ ಅವನು ಹೆಂಡತಿ ಮಕ್ಕಳ ಜೊತೆ ಎದುರಾಗಿ ಕೈ ಮುಗಿದರೆ ಮುಖ ತಿರುಗಿಸಿದೆ ಎಂದು ನೀನು ಫೋನಿನಲ್ಲಿ ಹೇಳಿದೆ. ನಾನು ಹೂಂ ಎಂದೆ.

ಇರಲಿ. ಗುರುವಾರ ಯಾರಿಗೂ ಹೇಳದೆ ಎಲ್‌ಆರ್‌ಟಿ ರೈಲು ಹತ್ತಿದೆ. ಮಸ್ಜಿದ್ ಜಮೆಕ್‌ನಲ್ಲಿ ಬದಲಾಯಿಸಿ, ಕೆಎಲ್ ಸೆಂಟ್ರಲ್‌ನಲ್ಲಿ ಇಳಿದು, ಆ ಬಿಸಿಲಲ್ಲಿ ಈ ಮಂಡಿ ಎಳೆದುಕೊಂಡು ಶಾಲೆ ತಲುಪಿದೆ. ದಾರಿಯುದ್ದಕ್ಕೂ ಬೈಗುಳ ಜೋಡಿಸಿಕೊಂಡೇ ಹೋದೆ. ಇತಿಹಾಸ ಸಂಘದ ಮೇಡಂ ಹೆಸರು ಶರ್ಮಿಳಾ. ಇಲ್ಲೇ ಹುಟ್ಟಿ ಬೆಳೆದ ತಮಿಳು ಹುಡುಗಿ, ಮೂವತ್ತೂ ಆಗಿರಲಿಕ್ಕಿಲ್ಲ. ನನ್ನ ಮೈಸೂರು ತಮಿಳಿನಲ್ಲೇ ಶುರು ಮಾಡಿದೆ. ಮಕ್ಕಳ ಚೀಟಿಯನ್ನು ಓದಿ ನೋಡದೆ ವೇದಿಕೆಗೆ ಕಳಿಸುವ ನೀವೆಂಥ ಟೀಚರ್, ಯಾವ ಹುಡುಗಿ ಇದನ್ನು ಬರೆದಳೋ ಅವಳನ್ನು ಕರೆಸಿ, ಎಂದು ಮೇಜು ಕುಟ್ಟಿದೆ.

‘ಪಾಟಿ, ಯಾರೂ ಬರೆಯಲಿಲ್ಲ,’ ಎಂದಳು ಶರ್ಮಿಳಾ ತಮಿಳಿನಲ್ಲಿ, ನನ್ನನ್ನು ಅಜ್ಜಿ ಎಂದು ಕರೆದು. ಡಬ್ಬಿಯಲ್ಲಿ ಧನುವಿನ ಹೆಸರಿನ ಒಂದು ಚೀಟಿಯೂ ಇರಲಿಲ್ಲವಂತೆ. ಹನ್ನೊಂದು ಬಿರುದಿಗೆ ಹನ್ನೊಂದು ಹುಡುಗಿಯರು ಆದರು. ಒಂದು ಬಿರುದು ಉಳಿಯಿತು, ಒಬ್ಬಳು ಹುಡುಗಿ ಉಳಿದಳು. ‘ಅವಳೊಬ್ಬಳನ್ನು ಬಿಡುವುದು ಹೇಗೆ ಎಂದು ನಾನೇ ಸೇರಿಸಿದೆ. ಬಿಟ್ಟರೆ ಬೇಜಾರು ಮಾಡಿಕೊಳ್ಳುತ್ತಾಳೆ ಅಂದುಕೊಂಡೆ.’

ಭಾನು, ಜೋಡಿಸಿಕೊಂಡು ಹೋದ ಒಂದು ಬೈಗುಳವೂ ನೆನಪಾಗಲಿಲ್ಲ. ಅವಳು ಕೊಟ್ಟ ನೀರು ಕುಡಿದು ಎದ್ದು ಬಂದೆ. ಆ ಸಾಲು ತೆಗೆಯಿರಿ ಎಂದು ಕೇಳುವುದನ್ನೂ ಮರೆತೆ.

ಶುಕ್ರವಾರ ಆ ಶರ್ಮಿಳಾ ಮನೆಗೆ ಫೋನ್ ಮಾಡಿ ಧನುವನ್ನು ಶಾಲೆಗೆ ಕರೆಸಿಕೊಂಡಳು. ಸೋಮವಾರ ಓದಿಸಿದ ಅದೇ ವೇದಿಕೆಗೆ ತಾನೇ ಹತ್ತಿ, ಆರುನೂರು ಮಕ್ಕಳೆದುರು, ‘ಅದನ್ನು ಯಾವ ಹುಡುಗಿಯೂ ಬರೆದಿಲ್ಲ, ನಾನು ಬರೆದೆ, ತಪ್ಪು ಮಾಡಿದೆ’ ಎಂದಳಂತೆ. ಬಿರುದಿನ ಪುಟವನ್ನೇ ಸಂಚಿಕೆಯಿಂದ ತೆಗೆದುಹಾಕಿದಳು. ಪತ್ರಿಕೆಯನ್ನು ಟೈಪ್ ಮಾಡಿದ್ದು ಯಾರೆಂಬುದೂ ಆಗ ಎಲ್ಲರಿಗೂ ತಿಳಿಯಿತು.

ಸಂಜೆ ಧನುವನ್ನು ಕೇಳಿದೆ, ‘ಸಿಟ್ಟು ಹೋಯ್ತಾ ಪುಟ್ಟಿ?’

‘ನೋ,’ ಎಂದಳು. ಸಂಘಕ್ಕೆ ಮತ್ತೆ ಹೋಗುವುದಿಲ್ಲವಂತೆ, ಶಾಲೆಗೆ ಹೋಗುತ್ತಾಳಂತೆ. ‘ಅಟ್‌ಲೀಸ್ಟ್ ನೌ ಐ ನೋ ಹೂ ಟು ಬಿ ಆ್ಯಂಗ್ರಿ ವಿತ್, ಅಜ್ಜಿ,’ ಎಂದಳು. ಯಾರ ಮೇಲೆ ಸಿಟ್ಟಾಗಬೇಕು ಅಂತಾದರೂ ಗೊತ್ತಾಯಿತಲ್ಲ, ಅಂತ. ನಾಲ್ಕು ದಿನ ತರಗತಿಯ ಒಂದೊಂದು ಮುಖವನ್ನೂ ನೆನೆದು ಇವಳಿರಬಹುದೆ, ಅವಳಿರಬಹುದೆ ಎಂದು ಹೊರಳಾಡಿದ್ದಳು ಮಗು.

ಅವತ್ತಿನಿಂದ ನನಗೆ ಅನ್ನ ಸೇರುತ್ತಿಲ್ಲ. ಮೂವತ್ತೂ ತುಂಬದ ಹುಡುಗಿ ನಾಲ್ಕೇ ದಿನದಲ್ಲಿ ಹೇಳಿಬಿಟ್ಟಳಲ್ಲ ಎಂದು ಅವಳ ಮೇಲೂ ಸಿಟ್ಟು ಬರುತ್ತದೆ. ನೋಡು, ನನ್ನ ನ್ಯಾಯ ಎಷ್ಟು ಚೆನ್ನಾಗಿದೆ.

ನೀನು ಮಾತ್ರೆ ತಪ್ಪಿಸಬೇಡ. ಪೂರ್ವಿಗೆ, ಅವಳ ಮಕ್ಕಳಿಗೆ ನನ್ನ ಆಶೀರ್ವಾದ ತಿಳಿಸು. ಬೇಡ, ಈಗಲೇ ತಿಳಿಸಬೇಡ. ಕಾಗದ ಪೂರ್ತಿ ಓದಿದ ಮೇಲೆ ತಿಳಿಸಬೇಕೆನ್ನಿಸಿದರೆ ತಿಳಿಸು. ಎಲ್ಲರೂ ಚೆನ್ನಾಗಿರಿ.

ನಿನ್ನ,
ಗಿರಿಜ

ತಾ.ಕ.: ಆ ವರ್ಷ ಫಿಶ್‌ಪಾಂಡ್ ಡಬ್ಬಿಯ ಉಸ್ತುವಾರಿ ನನ್ನದು. ಹಿಂದಿನ ದಿನ ಸಂಜೆ ಚೀಟಿಗಳನ್ನು ಸುರಿದು ಎಣಿಸಿದೆ. ತರಗತಿಯ ಎಲ್ಲರಿಗೂ ಎರಡು ಮೂರು ಬಂದಿದ್ದವು, ಪೂರ್ವಿಗೆ ಒಂದೂ ಇರಲಿಲ್ಲ. ನನ್ನ ಭಾನುವಿನ ಮಗಳೊಬ್ಬಳೇ ಖಾಲಿ ಕೈಯಲ್ಲಿ ಕೂರುವುದು ಬೇಡವೆಂದು ನಾನೇ ಒಂದು ಬರೆದೆ. ಒಳ್ಳೆಯ ತಮಾಷೆ ಎಂದುಕೊಂಡೇ ಬರೆದೆ. ನನ್ನ ಅಕ್ಷರ ಮಕ್ಕಳಿಗೆ ಗುರುತು ಸಿಗುತ್ತದೆಂದು ಎಡಗೈಯಲ್ಲಿ ಬರೆದೆ. ನೀನು ಸ್ಟಾಫ್ ರೂಮಿನಲ್ಲಿ ‘ಇದು ಯಾರ ಅಕ್ಷರ ಗಿರಿಜಾ?’ ಎಂದು ನನ್ನನ್ನೇ ಕೇಳಿದೆ. ‘ಹುಡುಗರದ್ದು ಕಣೆ’ ಎಂದೆ. ಗೋಪಿನಾಥನಿಗೆ ಏಟು ಬೀಳುವಾಗ ಎರಡನೇ ಸಾಲಿನಲ್ಲಿ ನಿಂತಿದ್ದೆ. ಅವನು ಮತ್ತೆ ಮಾರ್ಕೆಟ್ಟಿನಲ್ಲಿ ಸಿಕ್ಕರೆ ಮುಖ ತಿರುಗಿಸಬೇಡ.

ಆ ಚೀಟಿಯನ್ನು ಪೂರ್ವಿಯ ಜಾತಕದ ಜೊತೆ ಇಟ್ಟಿದ್ದೇನೆ ಎಂದಿದ್ದೆಯಲ್ಲ, ತೆಗೆದು ಈ ಕಾಗದದ ಪಕ್ಕ ಇಟ್ಟು ನೋಡು. ಈ ಕೊನೆಯ ಎರಡು ಸಾಲನ್ನು ಎಡಗೈಯಲ್ಲಿ ಬರೆದಿದ್ದೇನೆ.